ಪೋಸ್ಟರಿನಿಂದ ಬಂದ ಶಾರದೆ

ಚಿನ್ಮಯೀ, ಅನಘಾ, ಒಳ್ಳೆಯ ಕಾಗದ ಕಂಡರೆ ಎಸೆಯಲು ನನಗೆ ಮನಸ್ಸು ಬಾರದೆಂಬುದು ನಿಮಗೆ ಗೊತ್ತೇ ಇದೆ. ಕಳೆದ ನವರಾತ್ರಿಗೆ ಮುಂಚೆ ಪೇಪರಿನ ಮಡಿಕೆಯೊಳಗೆ ಬಣ್ಣದ ಸರಸ್ವತಿಯೊಬ್ಬಳು ಬಂದಳು. ಕೆಳಗೆ ದಪ್ಪ ಅಕ್ಷರಗಳಿದ್ದವು. ದೇವಿಯ ಕಾಲಡಿ ಅಕ್ಷರ ಬರಬಾರದೆಂದು ಅಷ್ಟನ್ನು ಓದದೆಯೇ ಕತ್ತರಿಸಿ, ಉಳಿದದ್ದನ್ನು ರಟ್ಟಿಗೆ ಅಂಟಿಸಿದೆ. ಶಾರದಾ ಸ್ಥಾಪನೆಯ ದಿನ ನಿಮ್ಮ ಅಣ್ಣ ಸುಮುಖನ ಕಾಲೇಜು ಪುಸ್ತಕಗಳ ಮೇಲಿಟ್ಟು ಕುಂಕುಮ ಹಚ್ಚಿದೆ.

ಬಣ್ಣದ ದೇವಿಯರ ಬಗ್ಗೆ ನನಗೆ ಹಳೆಯ ಸಲಿಗೆ. ಮದುವೆಯ ಹೊಸತರಲ್ಲಿ ನಿಮ್ಮಜ್ಜ ಹುಬ್ಬಳ್ಳಿಯ ಕಲ್ಲಚ್ಚಿನ ಪ್ರೆಸ್ಸಿನಲ್ಲಿದ್ದರು. ನುಣ್ಣನೆಯ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ನೀರು ಸವರಿದರೆ, ಶಾಯಿ ಜಿಡ್ಡಿಗಷ್ಟೇ ಹಿಡಿಯುತ್ತದೆ, ಬಣ್ಣಕ್ಕೊಂದು ಕಲ್ಲು. ಒಮ್ಮೆ ಹಳದಿ ಮಾತ್ರ ಬಿದ್ದ ಹಾಳೆಯನ್ನು ತಂದು ತೋರಿಸಿದ್ದರು. ಕಾಮಾಲೆ ಹಿಡಿದಂತಿದ್ದ ಆ ದೇವಿಗೆ ಕಣ್ಣು ಮೂಗು ಮೂಡಲು ಇನ್ನೂ ಕೆಲವು ಕಲ್ಲುಗಳನ್ನು ದಾಟಬೇಕಿತ್ತು. ಅವಳೇ ಒಂದು ವರ್ಷ ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ, ಮರುವರ್ಷ ಬೆಂಕಿಪೊಟ್ಟಣದ ಮೇಲೆ. ಈಗ ಕಲ್ಲು ಹೋಗಿ ಕಂಪ್ಯೂಟರ್ ಬಂದಿದೆ. ದೇವಿಗೆ ಮಾತ್ರ ಬಿಡುವಿಲ್ಲ.

ಸ್ಥಾಪನೆಯ ದಿನ ಸಂಜೆ ಬಂದ ಸುಮುಖ ಪುಸ್ತಕಗಳ ಮೇಲಿದ್ದ ಅವಳನ್ನು ನೋಡಿದ್ದೇ ಬೆವರಿದ. ಅವನು ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತಿದ್ದ. ವಿದ್ಯಾರ್ಥಿಗಳ ಮನಸ್ಸು ಗೆಲ್ಲಲು ಎದುರಾಳಿ ಪಕ್ಷದವರು ಶಿರಸಿಯ ಗೋಡೆಗಳಿಗೆಲ್ಲ ಹಚ್ಚಿ, ಪೇಪರಿನೊಳಗೂ ಇಟ್ಟು ಹಂಚಿದ ಪೋಸ್ಟರು ಇದೇ ಅಂತೆ. ಮರುದಿನ ಅವನ ಗೆಳೆಯರು ಊಟಕ್ಕೆ ಬರುವವರಿದ್ದರು. ಅಭ್ಯರ್ಥಿಯ ಮನೆಯಲ್ಲೇ ಎದುರಾಳಿಯ ಪೋಸ್ಟರಿಗೆ ಪೂಜೆ, ಮಂಗಳಾರತಿ ಎಂದು ಸುದ್ದಿಯಾದರೆ ಮತ ಯಾರು ಹಾಕುತ್ತಾರೆ?

“ಇದ್ನ ತೆಗ್ಯೆ ಅಮ್ಮಮ್ಮ, ಎನ್ನ ಮರ್ಯಾದಿ ಹೋಗ್ತು,” ಎಂದ.

“ಕುಂಕುಮ ಬಿದ್ದಾತು ತಮಾ. ಪುಸ್ತಕ ಎತ್ತವರೆಗೆ ಕದಲ್ಸಲೆ ಬತ್ತಿಲ್ಲೆ,” ಎಂದೆ.

ಎಂದೂ ಹೂ ಕೊಯ್ಯದವನು ಮರುದಿನ ಬೆಳಿಗ್ಗೆ ಬುಟ್ಟಿ ತುಂಬ ದಾಸವಾಳ ತಂದು, ವೀಣೆಯ ತುದಿಯಷ್ಟೇ ಕಾಣುವಂತೆ ದೇವಿಯನ್ನು ಮುಚ್ಚಿದ. ಅಷ್ಟು ಭಕ್ತಿಯನ್ನು ನಾನು ಅವನಲ್ಲಿ ಕಂಡಿರಲಿಲ್ಲ.

ಅವನ ಪರ ಓಡಾಡುತ್ತಿದ್ದ ಬನವಾಸಿಯ ಬಸವರಾಜ ಊಟಕ್ಕೆ ಮುಂಚೆ ಕೈಮುಗಿಯಲು ಬಂದ. ಅವನು ಬಗ್ಗುವುದಕ್ಕೂ ಹೂವಿನ ರಾಶಿ ಜಾರುವುದಕ್ಕೂ ಸರಿಹೋಯಿತು. ಪಾಯಸದ ಪಾತ್ರೆ ಹಿಡಿದಿದ್ದ ಸುಮುಖ ನಿಂತಲ್ಲೇ ನಿಂತ.

ಬಸವರಾಜ ಉಳಿದ ಹೂ ಸರಿಸಿ ನೋಡಿ, “ಇದು ನಮ್ಮನ್ಯಾಗೂ ಐತ್ರಿ ಅಜ್ಜಿ. ನಮ್ಮವ್ವ ಗ್ಲಾಸ್ ಹಾಕಿಸ್ಯಾಳ,” ಎಂದ. ಆಮೇಲೆ ಸುಮುಖನತ್ತ ತಿರುಗಿ ದನಿ ತಗ್ಗಿಸಿದ: “ನೀ ಯಾರಿಗೂ ಹೇಳಬ್ಯಾಡಲೇ, ನಾನೂ ಹೇಳಂಗಿಲ್ಲ.”

ಇಬ್ಬರೂ ಸೇರಿ ಹೂಗಳನ್ನು ಮತ್ತೆ ಏರಿಸಿದರು. ಉಳಿದ ಗೆಳೆಯರು ಪಾಯಸವನ್ನಷ್ಟೇ ನೋಡಿದರು.

ಸುಮುಖ ಗೆದ್ದ. ಯಾರ ಕೃಪೆಯೆಂದು ನಾನು ಕೇಳಲಿಲ್ಲ. ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅವನ ಕಾಲೇಜು ಮುಗಿಯುವವರೆಗೆ ಮಾತ್ರ ಶಿರಸಿಯಲ್ಲಿ ಯಾರಿಗೂ ಓದಿ ಹೇಳಬೇಡಿ.