ಅಣ್ಣನ ಸೈಕಲ್ಲಿನ ಸಪ್ಪಳ

ಕಳೆದ ಭಾನುವಾರ ಪುಣೆಯ ಹಡಪಸರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮೇಲಿನ ಮನೆಯವರೊಬ್ಬರು ಹಳೆಯ ಸೈಕಲ್ಲೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ; ಈ ಕಾಲದಲ್ಲಿ ಅದನ್ನು ಎಲ್ಲಿಂದ ದೊರಕಿಸಿದರೋ. ತರಕಾರಿ ಚೀಲ ಹಿಡಿದು ಲಿಫ್ಟಿನತ್ತ ಹೊರಟಿದ್ದವಳು ನಿಂತುಬಿಟ್ಟೆ. ವರ್ಷಗಟ್ಟಲೆ ಗಟ್ಟಿಯಾಗಿ ಕೂತ ಕರಿ ಗ್ರೀಸು ಸೀಮೆಎಣ್ಣೆಯಲ್ಲಿ ಕರಗುವಾಗ ಏಳುವ ಘಾಟು ಮೂಗಿಗೆ ಬಡಿದರೆ ಸಾಕು, ನಾನು ಖಡಕಿಯ ಕಲ್ಲಿನ ಕ್ವಾರ್ಟರ್ಸಿನ ಹಿತ್ತಲಿನಲ್ಲಿರುತ್ತೇನೆ. ಅಲ್ಲಿ ಅಪ್ಪ ಇದ್ದಾನೆ, ಅವ್ವ ಇದ್ದಾಳೆ. ವಸಂತಣ್ಣ ಮಾತ್ರ ಆಗಲೇ ಇಲ್ಲ.

ಅಪ್ಪ ಧಾರವಾಡದ ಕಡೆಯಿಂದ ಬಂದು ಖಡಕಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ಹೊರಗೆಲ್ಲ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಕನ್ನಡ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಐಟಿಐ ಮುಗಿಸಿ ಭೋಸರಿಯ ಒಂದು ವರ್ಕ್‌ಶಾಪಿಗೆ ಸೇರಿದಾಗ ಅಪ್ಪ ತನ್ನ ಸೈಕಲ್ಲನ್ನೇ ಅವನಿಗೆ ಬಿಟ್ಟುಕೊಟ್ಟು ತಾನು ನಡೆದು ಹೋಗತೊಡಗಿದ. ಆ ಸೈಕಲ್ಲಿಗೆ ಎರಡನೆಯ ವರ್ಷ ಒಂದು ಸಪ್ಪಳ ಹುಟ್ಟಿಕೊಂಡಿತು. ಪೆಡಲು ಒಂದು ಸುತ್ತು ಬಂದಾಗಲೊಮ್ಮೆ ತಳದಿಂದ ಕಟಕ್ ಎನ್ನುತ್ತಿತ್ತು. ಎರಡು ಪೆಡಲುಗಳನ್ನು ಹಿಡಿದಿರುವ ಅಚ್ಚಿನ ಕೊಳವೆಯಲ್ಲಿ ಏನೋ ಕೆಟ್ಟಿದೆ, ಒಂದು ದಿನ ಸೈಕಲ್ಲು ಬಿಟ್ಟು ಹೋಗು, ಬಿಚ್ಚಿ ನೋಡುತ್ತೇನೆ ಎಂದು ಅಪ್ಪ ಹೇಳುತ್ತಲೇ ಇದ್ದ. ಅಣ್ಣ ಮುಂದಿನ ವಾರ ಎನ್ನುತ್ತಿದ್ದ. ರಜೆಯ ದಿನವೂ ಅವನಿಗೆ ಸೈಕಲ್ಲು ಬೇಕಿತ್ತು, ಗೆಳೆಯರಿದ್ದರು, ಇಡೀ ಪುಣೆ ಇತ್ತು. ಅವ್ವನಿಗೆ ಆ ಸಪ್ಪಳ ಗಡಿಯಾರದಂತೆ ಆಗಿತ್ತು. ಸಂಜೆ ತಿರುವಿನಲ್ಲಿ ಕಟಕ್ ಕಟಕ್ ಎಂದು ಕೇಳಿಸಿದ ಕೂಡಲೇ ಹಂಚಿನ ಮೇಲೆ ಭಕ್ಕರಿ ಹಾಕುತ್ತಿದ್ದಳು. ಅವನು ಕೈಕಾಲು ತೊಳೆದು ಕೂರುವಷ್ಟರಲ್ಲಿ ಅದು ಉಬ್ಬಿರುತ್ತಿತ್ತು.

ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಉಗುರು. ಆಸ್ಪತ್ರೆಗೆ ಒಯ್ದಾಗ ತಾನೇ ನಡೆದು ರಿಕ್ಷಾ ಹತ್ತಿದ್ದ. ನನ್ನ ಜಡೆ ಎಳೆದು, ಮೀನಾ, ಸೈಕಲ್ಲು ಮುಟ್ಟಬೇಡ ಎಂದು ನಕ್ಕಿದ್ದ. ಮತ್ತೆ ಮನೆಗೆ ಬರಲಿಲ್ಲ. ಇಪ್ಪತ್ತೊಂದು ತುಂಬಿರಲಿಲ್ಲ.

ಸೈಕಲ್ಲು ಹಿತ್ತಲಿನ ಗೋಡೆಗೆ ಒರಗಿಕೊಂಡು ನಿಂತುಬಿಟ್ಟಿತು. ಅವ್ವ ಅದಕ್ಕೊಂದು ಹಳೆಯ ಸೀರೆ ಹೊದಿಸಿದಳು. ಅಪ್ಪ ಅತ್ತ ಹೋಗುವುದನ್ನೇ ಬಿಟ್ಟ. ಹಿತ್ತಲಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದವನು ಒಳಗೆ ಬಚ್ಚಲಿನಲ್ಲೇ ತೊಳೆಯತೊಡಗಿದ. ಅಣ್ಣನ ಹೆಸರನ್ನು ಅವನ ಬಾಯಿಂದ ನಾನು ಕೇಳಲಿಲ್ಲ. ಮನೆಯಲ್ಲಿ ಮಾತೇ ಕಡಿಮೆಯಾಯಿತು. ಮರುವರ್ಷದ ಮಳೆಯೂ ಬಂದು ಹೋಯಿತು.

ಆ ಮಳೆ ನಿಂತ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿನಿಂದ ಸುತ್ತಿಗೆಯ ಪೆಟ್ಟು ಕೇಳಿಸಿತು. ಓಡಿ ಹೋಗಿ ನೋಡಿದರೆ ಅವ್ವ. ಸೀರೆ ತೆಗೆದು, ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಹಿಡಿದಿದ್ದ ಪಿನ್ನಿಗೆ ಬಡಿಯುತ್ತಿದ್ದಳು. ಅಲ್ಲಿಯವರೆಗೆ ಅವಳು ಸುತ್ತಿಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಬಾಗಿಲಲ್ಲಿ ಬಂದು ನಿಂತ. ಅವ್ವ ತಲೆ ಎತ್ತಲಿಲ್ಲ.

“ಇದು ತುಕ್ಕ ಹಿಡದು ಮಣ್ಣಾಗೂದನ್ನ ನನ್ನ ಕಡಿಂದ ನೋಡ್ಲಿಕ್ಕೆ ಆಗಂಗಿಲ್ರಿ. ಯಾರರೆ ಓಡಸ್ಲಿ,” ಎಂದಳು.

ಅಪ್ಪ ಹಿತ್ತಲಿಗೆ ಇಳಿದು ಬಂದ. ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಸುತ್ತಿಗೆಗೆ ಕೈ ಚಾಚಿದ. “ಹಂಗ ಬಡದ್ರ ಪಿನ್ ಬಾಗ್ತದ. ನಟ್ ತುದೀಗೆ ತಂದು ಬಡೀಬೇಕು.”

ಪೆಡಲಿನ ತೋಳಿನ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು, ನಟ್ಟನ್ನು ತುದಿಯವರೆಗೆ ಸಡಿಲಿಸಿ, ಒಂದೇ ಗಟ್ಟಿ ಪೆಟ್ಟು ಹಾಕಿದ, ಪಿನ್ನು ಜರುಗಿತು. ಎರಡೂ ತೋಳು ಕಳಚಿದವು. ಎಡಗಡೆಯ ಬಿಗಿ ಬಳೆಯನ್ನು ಉಳಿಯಿಂದ ತಟ್ಟಿ ತಿರುಗಿಸಿ, ಅದರೊಳಗಿನ ಬಟ್ಟಲನ್ನು ಬಿಚ್ಚಿ, ಅಚ್ಚನ್ನು ಮೆಲ್ಲಗೆ ಹೊರಗೆಳೆದ. ಕರಿ ಗ್ರೀಸಿನೊಡನೆ ಬೇರಿಂಗಿನ ಉಕ್ಕಿನ ಗುಂಡುಗಳು ಅವ್ವ ಹಿಡಿದಿದ್ದ ತಟ್ಟೆಗೆ ಬಿದ್ದವು. ಅವಳು ಅವನ್ನು ಸೀಮೆಎಣ್ಣೆಯಲ್ಲಿ ಅಕ್ಕಿ ತೊಳೆದಂತೆ ತೊಳೆದಳು. ಅಪ್ಪ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾ ಒಂದರ ಮೇಲೆ ಬೆರಳು ನಿಲ್ಲಿಸಿದ. ಅದು ಎರಡು ಹೋಳಾಗಿತ್ತು. ಸಪ್ಪಳ ಅದರದ್ದು. ತನ್ನ ರಿಪೇರಿ ಸಾಮಾನಿನ ಡಬ್ಬಿಯಿಂದ ಹೊಸ ಗುಂಡುಗಳನ್ನು ತಂದು, ಬಟ್ಟಲಿಗೆ ಗ್ರೀಸು ಮೆತ್ತಿ, ಅದರಲ್ಲಿ ಒಂದೊಂದನ್ನೇ ಕೂರಿಸಿದ. ಅಚ್ಚು ಅಲುಗಬಾರದು, ಬಿಗಿಯಾಗಲೂ ಬಾರದು ಎನ್ನುತ್ತಾ ಬಟ್ಟಲನ್ನು ಅಷ್ಟಷ್ಟೇ ತಿರುಗಿಸಿ ಹದ ನೋಡಿದ. ಊಟದ ಹೊತ್ತಿಗೆ ಸೈಕಲ್ಲು ಎದ್ದು ನಿಂತಿತ್ತು. ಅಪ್ಪ ಹಿಂದಿನ ಗಾಲಿ ಎತ್ತಿ ಹಿಡಿದ, ಅವ್ವ ಕೈಯಿಂದ ಪೆಡಲು ತಿರುಗಿಸಿದಳು.

ಏನೂ ಕೇಳಿಸಲಿಲ್ಲ. ಅವ್ವ ಮತ್ತೊಂದು ಸುತ್ತು ತಿರುಗಿಸಿದಳು, ಕಿವಿ ಹತ್ತಿರ ತಂದು ಇನ್ನೊಂದು ಸುತ್ತು. ಅವಳ ಕೈ ನಿಂತಿತು.

“ಆ ಸಪ್ಪಳ ತಿರುಗಿ ಹಾಕ್ಲಿಕ್ಕೆ ಬರಂಗಿಲ್ಲೇನ್ರೀ?”

ಅಪ್ಪ ಗಾಲಿಯನ್ನು ನೆಲಕ್ಕೆ ಇಳಿಸಿದ. ಉತ್ತರ ಕೊಡಲು ಬಾಯಿ ತೆರೆದವನು “ವಸಂತಾ” ಎಂದಷ್ಟೇ ಹೇಳಿ, ಗ್ರೀಸು ಮೆತ್ತಿದ ಎರಡೂ ಕೈಗಳನ್ನು ಮುಖಕ್ಕೆ ಒತ್ತಿಕೊಂಡ. ಅವ್ವ ಹತ್ತಿರ ಸರಿದು ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ನಾನು ಅವರಿಬ್ಬರ ನಡುವೆ ಹೋಗಿ ತುರುಕಿಕೊಂಡೆ. ಅಣ್ಣನನ್ನು ಮಣ್ಣು ಮಾಡಿ ಬಂದ ದಿನವೂ ಹಾಗೆ ಅಳದ ನಾವು ಆವತ್ತು ಬಿಸಿಲಿನಲ್ಲಿ ಕೂತು ಅತ್ತೆವು.

ಸೈಕಲ್ಲನ್ನು ಮೂರನೆಯ ಮನೆಯ ಸುಮನ್‌ಗೆ ಕೊಟ್ಟೆವು. ನರ್ಸಿಂಗ್ ಕಲಿಯುತ್ತಿದ್ದ ಹುಡುಗಿ, ಅಚ್ಚುಕಟ್ಟಾಗಿ ಇಟ್ಟುಕೊಂಡಳು. ಅವಳು ಬರುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಪ್ಪನಿಗೆ ಅಣ್ಣನ ಮಾತು ಆಡಲು ಬಾಯಿ ಬಂದಿತು. ಊಟಕ್ಕೆ ಕೂತಾಗ ಅವನು ಹೀಗೆ ಮಾಡಿದ್ದ, ಹಾಗೆ ಅಂದಿದ್ದ ಎಂದು ಹೇಳುತ್ತಿದ್ದ. ಕಡೆಯ ದಿನಗಳವರೆಗೂ ಹೇಳಿದ.

ಈಗ ಇಬ್ಬರೂ ಇಲ್ಲ. ಕ್ವಾರ್ಟರ್ಸನ್ನು ಕೆಡವಿದ್ದಾರೆ. ವಸಂತ ಎಂಬೊಬ್ಬನಿದ್ದ ಎಂದು ಬಲ್ಲವರಲ್ಲಿ ನಾನೊಬ್ಬಳೇ ಉಳಿದಿರಬೇಕು. ನನಗೆ ತಲೆ ನರೆತಿದೆ, ಮಗನಿಗೆ ಮೂವತ್ತಾಗಿದೆ. ಒಮ್ಮೊಮ್ಮೆ ಒಬ್ಬಳೇ ಇದ್ದಾಗ ಅಣ್ಣಾ ಎಂದು ಮೆಲ್ಲಗೆ ಕರೆಯುತ್ತೇನೆ. ಕಣ್ಣ ಮುಂದೆ ಬಂದು ನಿಲ್ಲುವವನು ನನ್ನ ಮಗನಿಗಿಂತ ಚಿಕ್ಕ ಹುಡುಗ.