ಹೊಸ್ತಿಲಿಗೆ ಸಮ ಹಾಕಿದ ಕಾಂಕ್ರೀಟು

ಆ ಮುದುಕ ನಾನು ಕಟ್ಟಿದ ಮಣ್ಣಿನ ಒಡ್ಡನ್ನು ಬೂಟುಗಾಲಿನಿಂದ ಒದ್ದಾಗ ನಾನು ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ತಳ್ಳಿದೆ. ಅರವತ್ತು ದಾಟಿದವನು. ಬೇಲಿಯ ಕಂಬಕ್ಕೆ ಬೆನ್ನು ಬಡಿದು ಕುಸಿದು ಕೂತ. ನನಗೆ ಮರುಕ ಬರಲಿಲ್ಲ. ಇನ್ನೊಂದು ಬಾರಿಸಬೇಕು ಅನ್ನಿಸಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು, ನನ್ನ ಹೆಂಡತಿ ಹೋಬೋಕನ್‌ನ ಮೂರನೇ ಮಹಡಿಯ ಬಾಡಿಗೆ ಮನೆ ಬಿಟ್ಟು, ನ್ಯೂಜೆರ್ಸಿಯಲ್ಲೇ ಇನ್ನಷ್ಟು ಒಳಗೆ ಒಂದು ಹಳೆಯ ಮನೆ ಕೊಂಡಿದ್ದೆವು. ಅವಳಿಗೆ ಫೆಬ್ರವರಿಯಿಂದ ಟೈಪಿಸ್ಟ್ ಕೆಲಸ ಗೊತ್ತಾಗಿತ್ತು. ಈ ದೇಶದಲ್ಲಿ ಅವಳ ಮೊದಲ ಕೆಲಸ. ಕರಿದ ಎಣ್ಣೆಯ ವಾಸನೆ ಕೋಟಿಗೆ ಹತ್ತಿ ಆಫೀಸಿನಲ್ಲಿ ಯಾರಾದರೂ ಮೂಗು ಮುರಿದರೆ ಏನು ಗತಿ ಎಂದು ಅವಳಿಗೆ ಈಗಿನಿಂದಲೇ ಚಿಂತೆ. ಏನು ಕರಿದರೂ ಅಡುಗೆಮನೆಯ ಹಿಂಬಾಗಿಲು ತೆರೆದಿಟ್ಟೇ ಕರಿಯುತ್ತಿದ್ದಳು. ಆ ಬಾಗಿಲಾಚೆ ಕಾಂಕ್ರೀಟು ಹಾಕಿ ಅಂಗಳ ಮಾಡಿಕೊಡುತ್ತೇನೆ, ಒಲೆ ಹೊರಗೇ ಇಟ್ಟುಕೊ ಎಂದೆ.

"ಹೊಸ್ತಿಲಕ್ಕ ಸಮ ಹಾಕ್ತೀನಿ. ಬಿಸಿ ಎಣ್ಣಿ ಹಿಡಕೊಂಡು ನೀ ಮೆಟ್ಟಲಾ ಇಳಿಯೂದು ಬ್ಯಾಡ," ಎಂದೆ. ಪ್ರೀತಿಯಿಂದಲೇ ಹೇಳಿದ್ದೆ.

ಪಕ್ಕದ ಮನೆಯ ಮುದುಕ ಇಟಲಿಯಿಂದ ಬಂದವನು, ಜೀವನವೆಲ್ಲ ಗೌಂಡಿ ಕೆಲಸ ಮಾಡಿದವನು. ನಾನು ನಾಲ್ಕು ಬೆರಳು ಅಗೆದು ಮಣ್ಣು ಬಡಿಯುತ್ತಿದ್ದಾಗ ಬೇಲಿ ದಾಟಿ ಬಂದ. ಒಂದಡಿ ಅಗೆ, ಜಲ್ಲಿ ತುಂಬಿ ಬಡಿ, ನೀರು ಮನೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡು, ಹೊಸ್ತಿಲಿಗಿಂತ ಒಂದು ಗೇಣು ಕೆಳಗಿಡು ಎಂದ. ಇಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲಿದ್ದದ್ದನ್ನೆಲ್ಲ ಎತ್ತುತ್ತದೆ ಎಂದ. ನಾನು ಧಾರವಾಡದ ಕಡೆ ಸೇತುವೆ ಕಟ್ಟಿಸಿದ ಇಂಜಿನಿಯರ್. ಗೌಂಡಿ ನನಗೆ ಪಾಠ ಹೇಳುವುದೇ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನವೆಂಬರಿನ ಕೊನೆಯ ಶನಿವಾರ ಕಾಂಕ್ರೀಟು ಸುರಿದೆ. ಭಾನುವಾರ ಮಧ್ಯಾಹ್ನ, ನಮ್ಮೂರಲ್ಲಿ ಪ್ರತಿಯೊಂದು ತಾರಸಿಗೂ ಮಾಡಿಸುತ್ತಿದ್ದಂತೆ, ಸುತ್ತಲೂ ಮಣ್ಣಿನ ಒಡ್ಡು ಕಟ್ಟಿ ಮೇಲೆ ಎರಡು ಬೆರಳು ನೀರು ನಿಲ್ಲಿಸಿದೆ. ಹೊಸ ಕಾಂಕ್ರೀಟಿಗೆ ನೀರುಣಿಸದ ಇಂಜಿನಿಯರ್ ಕೂಸಿಗೆ ಹಾಲೂಡದ ತಾಯಿ ಎಂದು ನನ್ನ ಮೇಲಧಿಕಾರಿ ಬೈಯುತ್ತಿದ್ದರು. ಧಾರವಾಡದ ಉರಿಬಿಸಿಲಲ್ಲಿ ಕಲಿತ ವಿದ್ಯೆ ಅದು. ಅದನ್ನು ನೋಡಿಯೇ ಮುದುಕ ಓಡಿಬಂದು, ಇವತ್ತು ರಾತ್ರಿ ಈ ನೀರು ಹೆಪ್ಪುಗಟ್ಟುತ್ತದೆ, ನಿನಗೆ ತಲೆ ಕೆಟ್ಟಿದೆಯೇ ಎಂದು ಒಡ್ಡು ಒದ್ದದ್ದು. ಅವನನ್ನು ತಳ್ಳಿ ಬೀಳಿಸಿ, ಒಡ್ಡನ್ನು ಮತ್ತೆ ಕಟ್ಟಿ, ಮತ್ತೆ ನೀರು ತುಂಬಿಸಿದೆ. ಹೆಂಡತಿ ಹೊರಗೋಡಿ ಬಂದು ಮುದುಕನ ಕೈ ಹಿಡಿದು ಎಬ್ಬಿಸಿದಳು.

"ಅಜ್ಜಾರು ಹೇಳಿದ್ದನ್ನ ಒಂದೀಟು ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ನಾನು ಬಕೆಟ್ಟನ್ನು ಗೋಡೆಗೆ ಬೀಸಿ ಒಗೆದೆ.

ಬೆಳಿಗ್ಗೆ ಒಡ್ಡಿನೊಳಗೆ ಗಾಜಿನಂಥ ಮಂಜುಗಡ್ಡೆ. ಒಡೆದು ತೆಗೆದರೆ ಕಾಂಕ್ರೀಟಿನ ಮೈ ಹಪ್ಪಳದ ಹಾಗೆ ಎದ್ದು ಬಂತು. ಮೇಲಿನ ಪದರ ಮಾತ್ರ ಎಂದುಕೊಂಡು ಸುಮ್ಮನಾದೆ.

ಕಾಂಕ್ರೀಟು ಸುಮ್ಮನಾಗಲಿಲ್ಲ. ನಾನು ಸುರಿದ ನೀರೆಲ್ಲ ಅಡಿಯ ಮಣ್ಣಿಗಿಳಿದಿತ್ತು. ನೆಲ ಹೆಪ್ಪುಗಟ್ಟಿದಷ್ಟೂ ಕಾಂಕ್ರೀಟನ್ನು ಮೇಲಕ್ಕೆ ದೂಡಿತು. ಡಿಸೆಂಬರಿನಲ್ಲಿ ಅವಳು, "ಬಾಗಲಾ ಉಜ್ಜಾಕತ್ತದ ರೀ," ಎಂದಳು. ಹೊರಕ್ಕೆ ತೆರೆಯುವ ಮರದ ಬಾಗಿಲು. ಚಳಿಗೆ ಮರ ಉಬ್ಬುತ್ತದೆ ಎಂದು ಹೇಳಿ ಅದರ ಅಡಿಯನ್ನು ಉಜ್ಜುಗೊರಡಿನಿಂದ ಹೆರೆದೆ. ಹದಿನೈದು ದಿನಕ್ಕೆ ಮತ್ತೆ ಹಿಡಿಯಿತು. ಮತ್ತೆ ಹೆರೆದೆ. ಎದ್ದಿರುವುದು ಕಾಂಕ್ರೀಟು ಎಂದು ನನಗೆ ಗೊತ್ತಿತ್ತು. ಹೆರೆಯುವಾಗ ಅದರ ಕಡೆ ನೋಡುತ್ತಿರಲಿಲ್ಲ.

ಸಂಕ್ರಾಂತಿಯ ಹತ್ತಿರದ ಒಂದು ಭಾನುವಾರ ಬಾಗಿಲು ನಾಲ್ಕು ಬೆರಳಿನಷ್ಟು ಮಾತ್ರ ತೆರೆಯಿತು. ಅವಳು ಹೇಳಿದಳು. ಮುಂದಿನ ವಾರ ನೋಡೋಣ ಎಂದು ನಾನು ಪೇಪರ್ ಹಿಡಿದು ಮುಂದಿನ ಕೋಣೆಯಲ್ಲಿ ಕೂತೆ. ಅಷ್ಟೇ ಸಂದು ಬಿಟ್ಟುಕೊಂಡು ಅವಳು ಕಡಬು ಕರಿಯತೊಡಗಿದಳು. ಎಣ್ಣೆಗೆ ಬೆಂಕಿ ಹತ್ತಿತು. ಉರಿಯುವ ಬಾಣಲೆಯನ್ನು ಹೊರಗೆ ಒಗೆಯಲು ಬಾಗಿಲಿಗೆ ಓಡಿ ಭುಜ ಕೊಟ್ಟಳು. ಆ ಬಡಿತ ನನಗೆ ಕೇಳಿಸಿತು. ಎರಡನೆಯ ಬಡಿತವೂ ಕೇಳಿಸಿತು. ಆಮೇಲೆ ಅವಳ ಕೂಗು.

ಕಂಬಳಿ ತಂದು ಬೆಂಕಿ ಮುಚ್ಚಿದೆ. ಎಣ್ಣೆ ಬಲಗೈ ಮೇಲೆ ಚೆಲ್ಲಿತ್ತು. ಚರ್ಮ ಮೊಣಕೈವರೆಗೆ ಕೈಗವುಸಿನಂತೆ ಸುಲಿದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. "ಚಳಿಗೆ ಬಾಗಿಲು ಬಿಗಿದುಕೊಂಡಿತ್ತು," ಎಂದೆ. ಮಂಚದ ಮೇಲಿಂದ ಅವಳು ನನ್ನ ಮುಖವನ್ನೇ ನೋಡಿದಳು.

ಮನೆಗೆ ಬಂದವನೇ ದೊಡ್ಡ ಸುತ್ತಿಗೆ ಎತ್ತಿಕೊಂಡು ಕಾಂಕ್ರೀಟಿಗೆ ಬಡಿದೆ. ಅಡಿಯ ನೆಲ ಕಬ್ಬಿಣವಾಗಿತ್ತು, ಸುತ್ತಿಗೆ ಪುಟಿದು ಪುಟಿದು ನನ್ನ ಮೊಣಕಾಲಿಗೇ ಬರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬಂದದ್ದು ಬುದ್ಧಿಯಲ್ಲ, ಬರೀ ಸಿಟ್ಟು. ಅಂಗೈ ಹರಿದು ಹಿಡಿಕೆಗೆಲ್ಲ ರಕ್ತವಾಯಿತು. ಮುದುಕ ಬೇಲಿ ದಾಟಿ ಬಂದ. ಹೊಡೆಯಲಿ ಎಂದು ಆಸೆಪಟ್ಟೆ. ಅವನು ಸುತ್ತಿಗೆ ಕಸಿದುಕೊಂಡು, "ಏಪ್ರಿಲ್‌ವರೆಗೆ ಕಾಯಬೇಕು," ಎಂದ. ನಿನ್ನ ಮಾತು ಕೇಳಬೇಕಿತ್ತು, ತಪ್ಪು ನನ್ನದು ಎಂದೆ. "ನನಗಲ್ಲ, ಅವಳಿಗೆ ಹೇಳು," ಎಂದು ಹೋದ.

ಹೇಳಲಿಲ್ಲ. ಫೆಬ್ರವರಿ ಹೋಯಿತು, ಅವಳ ಕೆಲಸವೂ ಹೋಯಿತು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಾನೇ ಅನ್ನ ಕಲಸಿ ತಟ್ಟೆಯಲ್ಲಿ ಚಮಚ ಇಟ್ಟುಕೊಡುತ್ತಿದ್ದೆ. ಅವಳು ಚಮಚ ಸರಿಸಿ ಎಡಗೈಯಲ್ಲೇ ಉಣ್ಣುತ್ತಿದ್ದಳು. ನಿಜ ಹೇಳಲು ನನಗೆ ನಾಚಿಕೆ ಆಗಿತ್ತು, ಹೆದರಿಕೆಯೂ ಆಗಿತ್ತು.

ಏಪ್ರಿಲಿನಲ್ಲಿ ನೆಲ ಸಡಿಲಾಯಿತು. ಮುದುಕ ಹೊಸ ಅಂಗಳಕ್ಕೆ ದಾರ ಕಟ್ಟಿ ಒಂದಡಿ ಆಳ ಎಲ್ಲಿಂದ, ಇಳಿಜಾರು ಎತ್ತ ಎಂದು ಗುರುತು ಹಾಕಿದ. ನಾನು ಒಡೆಯುತ್ತ ಬಂದೆ. ಹಿಂಬಾಗಿಲ ಮುಂದಿನ ಒಂದು ತುಂಡು ಉಳಿದಾಗ ಅವಳು ಮುಂಬಾಗಿಲಿನಿಂದ ಮನೆ ಸುತ್ತಿ ಬಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಎಡಗೈಯಲ್ಲಿ ಹಿಡಿದು, ಬಲಗೈಯ ಆ ಸೆಟೆದ ಬೆರಳುಗಳನ್ನು ಹಿಡಿಕೆಗೆ ಆನಿಸಿ ಮೇಲೆತ್ತಿದಳು.

"ಆವತ್ತ ಬಾಗಲಾ ಯಾಕ ತೆರಕೊಳ್ಳಲಿಲ್ಲ?"

ನಾನು ಮುದುಕನ ಕಡೆ ನೋಡಿದೆ. ಅವನು ಕನ್ನಡ ಗೊತ್ತಿದ್ದವನಂತೆ ತಲೆ ತಗ್ಗಿಸಿದ.

"ಚಳಿಗೆ ಅಂದ್ರಿ ಡಾಕ್ಟರಿಗೆ. ನನಗ ಹೇಳ್ರಿ."

"ನಾ ಹಾಕಿದ ಕಾಂಕ್ರೀಟು ಎದ್ದಿತ್ತು," ಎಂದೆ. "ನನಗ ಗೊತ್ತಿತ್ತು. ಎರಡು ಸಲ ಬಾಗಲಾ ಹೆರದೆ, ತಪ್ಪು ಒಪ್ಪಗೋಬಾರದು ಅಂತ. ನಿನ್ನ ಕೈ ಸುಟ್ಟಾಂವ ನಾನ."

ಸುತ್ತಿಗೆ ನನ್ನ ಪಾದದಿಂದ ಒಂದು ಗೇಣು ಆಚೆ ಬಿತ್ತು. ತುಂಡು ಸೀಳಿತು. ಚೂರೊಂದು ಸಿಡಿದು ನನ್ನ ಮೊಣಕಾಲ ಕೆಳಗೆ ಕೊರೆಯಿತು. ಅವಳು ಮತ್ತೆ ಎತ್ತಿದಳು. ಎಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ. ನಾನು ಕಾಲು ಹಿಂದೆ ತೆಗೆಯಲಿಲ್ಲ.