ಹನ್ನೊಂದನೇ ಅಧ್ಯಾಯದಲ್ಲಿ ಸಿಕ್ಕಿಕೊಂಡ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಮೂವತ್ತೇಳು ಪ್ರೇಮ ಕಾದಂಬರಿಗಳನ್ನು ಬರೆದವಳು. ಅವು ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕಗಳಾಗಿ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಿಸ್ಕತ್ತಿನ ಪೊಟ್ಟಣಗಳ ಪಕ್ಕ ನೇತಾಡುತ್ತಿದ್ದವು. ಅವಳನ್ನು ನೋಡದ ಓದುಗರು ಏನೇನು ಕಲ್ಪಿಸಿಕೊಂಡಿದ್ದರೋ, ನೋಡಿದವರಿಗೆ ನಿರಾಸೆ ಕಟ್ಟಿಟ್ಟದ್ದು. ಹೂ ಹತ್ತಿರ ಬಂದರೆ ಅವಳಿಗೆ ಸೀನು. ಬೆಳದಿಂಗಳ ಮಾತೆತ್ತಿದರೆ ಆಕಳಿಕೆ. ನಲವತ್ತೊಂಬತ್ತು ವರ್ಷವಾದರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ವಾರವಾರ ಒಬ್ಬ ಗಂಡಸನ್ನ ಹೊಗಳಿ ಬರೆದು ಸುಸ್ತಾಗಿದೆ, ಮನೇಲೂ ಒಬ್ಬ ಬೇಕಾ?" ಎನ್ನುತ್ತಿದ್ದಳು.

ಮೂವತ್ತೆಂಟನೆಯ ಕಾದಂಬರಿ ಹನ್ನೊಂದನೇ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿತು. ನಾಯಕ ತನ್ನ ಮನಸ್ಸಿನ ಮಾತು ಹೇಳಬೇಕೆಂದು ಗ್ರಂಥಾಲಯದ ಮೆಟ್ಟಿಲವರೆಗೆ ಬಂದಿದ್ದ. ನಾಯಕಿ ಎದುರಿಗೇ ಇದ್ದಳು. ಅವನು ಬಾಯಿ ತೆರೆದ. ಆ ಬಾಯಿಂದ ಎರಡು ತಿಂಗಳು ಒಂದು ಮಾತೂ ಹೊರಡಲಿಲ್ಲ. ಚಿಕ್ಕಮ್ಮ ಬರೆಯುವುದು, ಓದುವುದು, "ಥೂ" ಎಂದು ಹರಿದು ಹಾಕುವುದು, ಇದೇ ಆಯಿತು. ಸಂಪಾದಕರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು.

"ಮೇಡಂ, ಆ ಹುಡುಗ ಇನ್ನೂ ಮೆಟ್ಟಿಲ ಮೇಲೇ ಇದಾನಾ?"

"ಇದಾನೆ. ನೀವೇ ಬಂದು ಮಾತಾಡಿಸಿಕೊಂಡು ಹೋಗಿ."

ಕೊನೆಗೆ ನನ್ನ ಅಮ್ಮ, ಅಂದರೆ ಅವಳ ಅಕ್ಕ, ಮಧ್ಯೆ ಬಾಯಿ ಹಾಕಿದಳು. ನಮ್ಮ ಚಿಕ್ಕ ಊರಿನಲ್ಲಿ ನಮ್ಮ ಮನೆಯ ಮಹಡಿ ಕೋಣೆ ಖಾಲಿ ಬಿದ್ದಿತ್ತು. "ಇಲ್ಲಿಗೆ ಬಾ. ಶಾಂತವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ" ಎಂದಳು. ಗಾಳಿ ಬೆಳಕಿನ ವಿಷಯದಲ್ಲಿ ಅಮ್ಮ ಸುಳ್ಳು ಹೇಳಿರಲಿಲ್ಲ.

ಎದುರಿಗೆ ಕಬ್ಬಿಣದ ಗೇಟು ಮಾಡುವ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಕಬ್ಬಿಣ ಕೊಯ್ಯುವ ಸದ್ದು ಶುರುವಾದರೆ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಅದು ನಿಂತಾಗ ನಮ್ಮ ನೀರಿನ ಮೋಟಾರು. ಮೋಟಾರು ನಿಂತಾಗ ಅಮ್ಮ.

"ಬರೀತಿದೀಯಾ?"

"ನೀನು ಕೇಳೋ ತನಕ ಬರೀತಿದ್ದೆ ಅಕ್ಕ."

"ಸರಿ ಸರಿ, ಬರಿ. ಕಿಟಕಿ ತೆಗೀಲಾ? ಕಾಫಿ ತರ್ಲಾ? ಹೀಗೆ ಬೆನ್ನು ಬಗ್ಗಿಸಿ ಕೂತರೆ ನೋವು ಬರುತ್ತೆ ನೋಡು."

ಇದರ ಮೇಲೆ, ಕಾದಂಬರಿಗಾರ್ತಿ ಬಂದಿದ್ದಾಳೆಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯಾಕೆ ಬಂದು ತಮ್ಮ ಪ್ರೇಮಕಥೆಯನ್ನು ಮೂರು ಮಧ್ಯಾಹ್ನ ಹೇಳಿದರು. ಅದರಲ್ಲಿ ಅವರ ಅತ್ತೆ ಇದ್ದರು, ನಾದಿನಿ ಇದ್ದಳು, ಒಂದು ಕಪಾಟಿನ ಜಗಳವಿತ್ತು. ಪ್ರೇಮ ಮಾತ್ರ ಎಲ್ಲೂ ಕಾಣಲಿಲ್ಲ. ಚಿಕ್ಕಮ್ಮನ ತಲೆ ಚಿಟ್ಟು ಹಿಡಿದುಹೋಯಿತು.

ಅಷ್ಟರಲ್ಲಿ ಸಂಪಾದಕರು ಹೊಸದೊಂದು ತರಲೆ ತೆಗೆದರು. ಪತ್ರಿಕೆಯಲ್ಲಿ ಅಕ್ಷರ ಜೋಡಿಸುವವರನ್ನು ತೆಗೆದುಹಾಕಿದ್ದಾರೆ, ಇನ್ನು ಕೈಬರಹ ನಡೆಯುವುದಿಲ್ಲ, ಬರೆದಷ್ಟನ್ನೂ ಟೈಪ್ ಮಾಡಿಸಿ ಕಳಿಸಬೇಕು. ನಮ್ಮೂರಿನಲ್ಲಿ ಆ ಕೆಲಸಕ್ಕೆ ಇದ್ದದ್ದು ಒಬ್ಬರೇ. ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಯವರು.

ಅವರಿಗೆ ಐವತ್ನಾಲ್ಕು ವರ್ಷ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಗಳಿಗೆ ಮದುವೆಯಾಗಿತ್ತು. ಹತ್ತಡಿ ಅಗಲದ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒತ್ತಿ ಒಂದು ಬೆಂಚು. ಹಿಂದೊಮ್ಮೆ ಅವರು ಟೈಪ್ ಮಾಡಿದ ಪತ್ರದಲ್ಲಿ ಒಂದು ಅಂಕಿ ತಪ್ಪಿ ಯಾರದೋ ಮನೆಯ ದಾವೆ ಎರಡು ವರ್ಷ ಎಳೆದಿತ್ತಂತೆ. ಅಂದಿನಿಂದ ಅವರಿಗೆ ಕಣ್ಣುಮುಚ್ಚಿಕೊಂಡು ಟೈಪ್ ಮಾಡುವುದು ಆಗುತ್ತಿರಲಿಲ್ಲ. ಓದಬೇಕು, ಅನುಮಾನ ಬಂದರೆ ಚೀಟಿಯಲ್ಲಿ ಬರೆದು ಅಂಟಿಸಬೇಕು.

ಹತ್ತು ಅಧ್ಯಾಯಗಳು ಹಾಗೆ ಮೈತುಂಬ ಚೀಟಿ ಅಂಟಿಸಿಕೊಂಡು ವಾಪಸು ಬಂದವು. ಚಿಕ್ಕಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಓದುತ್ತ ಹೋದಳು. ಪಕ್ಕದಲ್ಲಿದ್ದ ನನಗೆ ಅವಳ ಕಿವಿ ಕೆಂಪಾಗುವುದು ಕಾಣುತ್ತಿತ್ತು.

'ಪುಟ 4ರಲ್ಲಿ ನಾಯಕನ ವಯಸ್ಸು 28, ಪುಟ 61ರಲ್ಲಿ 31. ಯಾವುದು ಸರಿ?'

'ನಾಯಕ ಎಂಜಿನಿಯರ್ ಎಂದಿದೆ. ಈವರೆಗೆ ಒಂದು ದಿನವೂ ಕೆಲಸಕ್ಕೆ ಹೋಗಿಲ್ಲ. ರಜೆಯೇ?'

'ಅವನ ಕಣ್ಣುಗಳು ಅವಳ ಪಾದದ ಮೇಲೆ ಬಿದ್ದವು ಎಂದಿದೆ. ಎತ್ತಿಕೊಂಡದ್ದು ಕಾಣಲಿಲ್ಲ.'

"ಏನ್ರೀ ಇದು?" ಎಂದಳು ಚಿಕ್ಕಮ್ಮ.

"ಅನುಮಾನಗಳು, ಮೇಡಂ."

"ನಾನು ಟೈಪ್ ಮಾಡೋಕೆ ಕೊಟ್ಟೆ. ಪಾಟೀಸವಾಲಿಗೆ ಕೊಡ್ಲಿಲ್ಲ. ಮೂವತ್ತೇಳು ಪುಸ್ತಕ ಬರೆದಿದೀನಿ, ಇವತ್ತಿನವರೆಗೂ ಯಾರೂ ಹೀಗೆ ಕೇಳಿಲ್ಲ."

"ಕೇಳ್ಬೇಕಿತ್ತು" ಎಂದರು ಅವರು, ದನಿ ಏರಿಸದೆಯೇ. "ಮುಂದೇನಾಯ್ತು? ಹನ್ನೊಂದನೇದು ಕೊಟ್ಟಿಲ್ವಲ್ಲ."

"ಬರೆದಿಲ್ಲ. ಅವನು ಮಾತಾಡ್ತಿಲ್ಲ."

"ಏನಂತ ಮಾತಾಡ್ತಾನೆ ಪಾಪ? ಅವನಿಗೆ ಆ ಹುಡುಗಿ ಬಗ್ಗೆ ಏನೂ ಗೊತ್ತಿಲ್ಲ. ಕೂದಲು ಉದ್ದ ಅಂತ ಗೊತ್ತು. ಹತ್ತು ಅಧ್ಯಾಯದಲ್ಲಿ ಅವಳನ್ನ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ನಾನು ಎಣಿಸಿ ನೋಡಿದೆ."

ಚಿಕ್ಕಮ್ಮ ಕಾಗದಗಳನ್ನು ಬಾಚಿಕೊಂಡು ಹೊರಬಂದಳು. ಮನೆಯವರೆಗೂ ಒಬ್ಬಳೇ ಗೊಣಗುತ್ತ ನಡೆದಳು. ಅರ್ಜಿ ಬರೆಯುವವನಿಗೆ ಪ್ರೇಮದ ಗಂಧಗಾಳಿ ಗೊತ್ತಾ, ಮುಖ ನೋಡು, ಒಳ್ಳೆ ಬೀಗ ಹಾಕಿದ ಬಾಗಿಲಿದ್ದ ಹಾಗಿದೆ. ಊಟ ಬಿಟ್ಟಳು. ಮಹಡಿಗೆ ಹೋಗಿ ಹತ್ತು ಅಧ್ಯಾಯಗಳನ್ನೂ ಮತ್ತೆ ಓದಿದಳು. ನಾಯಕ ನಿಜಕ್ಕೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅದು ಅವಳನ್ನು ಇನ್ನಷ್ಟು ರೇಗಿಸಿತು.

ಮರುದಿನ ಒಬ್ಬಳೇ ಹೋಗಿ ಅವರ ಎದುರು ನಿಂತಳಂತೆ. "ಪ್ರಶ್ನೆ ಕೇಳ್ಬೇಕು ಅಂತ ಪಾಠ ಹೇಳ್ತೀರಲ್ಲ, ನೀವು ನಿಮ್ಮ ಹೆಂಡತೀನ ಏನು ಕೇಳಿದ್ರಿ?"

ಅವರು ಕೀಲಿಮಣೆಯ ಮೇಲಿಂದ ಕೈ ತೆಗೆದರು. ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ.

"ಏನೂ ಕೇಳ್ಲಿಲ್ಲ" ಎಂದರು. "ಅವಳು ಹೋದ ಮೇಲೆ ಟ್ರಂಕ್ ತೆಗೆದೆ. ಬಟ್ಟೆ ಕೆಳಗೆ ಒಂದು ಅರ್ಜಿ ಇತ್ತು. ನರ್ಸಿಂಗ್ ತರಬೇತಿಗೆ. ಮೂವತ್ತೊಂದನೇ ವಯಸ್ಸಲ್ಲಿ ತುಂಬಿಸಿದ್ದು. ಯಾಕೆ ಸೇರಬೇಕು ಅನ್ನೋ ಜಾಗದಲ್ಲಿ ಮೂರು ಸಲ ಅಳಿಸಿ ಬರೆದಿದ್ಲು. ಇಡೀ ಊರಿಗೆ ಅರ್ಜಿ ಟೈಪ್ ಮಾಡಿಕೊಟ್ಟವನು ನಾನು, ಮೇಡಂ. ಅವಳು ನನ್ನ ಹತ್ರ ತರ್ಲೇ ಇಲ್ಲ. ನಿನಗೇನಾದ್ರೂ ಬೇಕಿತ್ತಾ ಅಂತ ನಾನೂ ಕೇಳ್ಲಿಲ್ಲ."

ಚಿಕ್ಕಮ್ಮನಿಗೆ ತನ್ನ ಮಾತು ತನಗೇ ಚುಚ್ಚಿತು. ಬೆಂಚಿನ ಮೇಲೆ ಕೂತಳು. ಆಮೇಲೆ, "ಇದನ್ನ ನಾನು ಎಲ್ಲೂ ಬರೆಯಲ್ಲ" ಎಂದಳು.

"ಬರೀರಿ. ಆದ್ರೆ ತಪ್ಪಿಲ್ದೆ ಬರೀರಿ."

ಮೂರು ದಿನ ಅವಳು ಮಹಡಿಯಿಂದ ಇಳಿಯಲಿಲ್ಲ. ಹೆಂಡತಿಯ ಅರ್ಜಿಯ ಕಥೆಯನ್ನು ಅವಳು ಮುಟ್ಟಲಿಲ್ಲ. ಆದರೆ ಹನ್ನೊಂದನೇ ಅಧ್ಯಾಯದಲ್ಲಿ ನಾಯಕ ಪ್ರೀತಿಯ ಮಾತು ಬಿಟ್ಟು, ನಾಯಕಿಯ ಕೈಯಲ್ಲಿದ್ದ ಪುಸ್ತಕ ಯಾವುದೆಂದು ಕೇಳಿದ. ಅವಳು ಹೇಳಿದಳು. ಅವನು ಇನ್ನೊಂದು ಕೇಳಿದ. ಹನ್ನೆರಡನೇ ಅಧ್ಯಾಯವೂ ಮುಗಿಯಿತು. ನಾಲ್ಕನೇ ದಿನ, ಒಳ್ಳೆಯ ಓಟದಲ್ಲಿ ಬರೆಯುತ್ತಿರುವಾಗ ಕಬ್ಬಿಣದ ಸದ್ದು ಶುರುವಾಯಿತು. ಚಿಕ್ಕಮ್ಮ ಪೆನ್ನು ಎಸೆದು, ಆ ಗೇಟಿನ ಅಂಗಡಿಯವರಿಗೆ ಮಂಗಳಾರತಿ ಮಾಡಿಯೇ ಬರುತ್ತೇನೆಂದು ಧಡಧಡ ಇಳಿದವಳು ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಬಲಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು. ಆರು ವಾರ ಪ್ಲಾಸ್ಟರ್.

ಎಡಗೈಯಲ್ಲಿ ಬರೆದದ್ದನ್ನು ಅವಳಿಗೇ ಓದಲಾಗುತ್ತಿರಲಿಲ್ಲ. ನಾನು ಬರೆದುಕೊಡುತ್ತೇನೆಂದು ಕೂತರೆ, "ನಿನ್ನ ಉಸಿರಾಟ ಜೋರು ಕಣೇ, ಎದ್ದು ಹೋಗು" ಎಂದಳು. ಬೇರೆ ದಾರಿಯಿಲ್ಲದೆ ಟೈಪಿಂಗ್ ಅಂಗಡಿಗೆ ಹೋಗಿ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸತೊಡಗಿದಳು.

ಅಲ್ಲಿ ಗುಟ್ಟೆಂಬುದೇ ಇರಲಿಲ್ಲ. ನೀರಿನ ಸಂಪರ್ಕದ ಅರ್ಜಿಗೆಂದು ಬಂದವರು, ಜಾಮೀನಿನ ಕಾಗದಕ್ಕೆ ಬಂದವರು ಎಲ್ಲ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. "ಆಕೆ ಹಂಗೆ ಎದ್ದು ಹೋಗ್ಬಾರದಿತ್ತು" ಎಂದು ಒಬ್ಬ ಮುದುಕರು ತೀರ್ಪು ಕೊಟ್ಟರು. "ನಿಮ್ಮ ನಲ್ಲಿ ವಿಷಯ ನೀವು ನೋಡ್ಕೊಳ್ಳಿ ಅಜ್ಜ" ಎಂದಳು ಚಿಕ್ಕಮ್ಮ. ಮರುದಿನ ಅವರ ಅರ್ಜಿ ಮುಗಿದಿದ್ದರೂ ಅಜ್ಜ ಬಂದು ಕೂತಿದ್ದರು.

ಒಂದು ದಿನ ಅಂಗಡಿಯವರ ಬೆರಳು ನಿಂತಿತು. ನಾಯಕಿಯ ಮಾತು ಹೀಗಿತ್ತು: 'ನೀನಿಲ್ಲದೆ ನಾನು ಬದುಕಲಾರೆ.'

"ಯಾಕೆ ನಿಲ್ಲಿಸಿದ್ರಿ?"

"ಬದುಕ್ತಾರೆ, ಮೇಡಂ. ನಾನು ಬದುಕಿದೀನಲ್ಲ."

ಬೆಂಚಿನ ಮೇಲಿದ್ದವರೆಲ್ಲ ನೆಲ ನೋಡಿದರು. ಚಿಕ್ಕಮ್ಮ, "ತೆಗೆದುಹಾಕಿ. 'ನೀನು ಬಂದರೆ ಚೆನ್ನಾಗಿರುತ್ತೆ' ಅಂತ ಮಾಡಿ" ಎಂದಳು. ಅವರು ಮಾಡಿದರು.

ಪ್ಲಾಸ್ಟರ್ ಬಿಚ್ಚಿದರು. ಕೈ ಸರಿಹೋಯಿತು. ಆದರೂ ಹತ್ತು ಗಂಟೆಯಾದರೆ ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕೈ ವಾಸಿ ಆಯ್ತಲ್ಲ, ಇನ್ನೂ ಯಾಕೆ ಹೋಗ್ತೀಯ? ಜನ ಕೇಳಿದ್ರೆ ನಾನೇನು ಹೇಳ್ಲಿ?"

"ಅಂಗಡಿಯವರನ್ನೇ ಕೇಳಿ ಅನ್ನು. ಕೇಳೋದ್ರಲ್ಲಿ ಅವರು ಎತ್ತಿದ ಕೈ."

ಹಾಗೆಂದು ಹೊರಟವಳಿಗೆ ದಾರಿಯಲ್ಲಿ ಸಿಟ್ಟು ನೆತ್ತಿಗೇರಿತಂತೆ. ಕೇಳುವುದರಲ್ಲಿ ಎತ್ತಿದ ಕೈಯಾದ ಮನುಷ್ಯ ಹತ್ತು ದಿನದಿಂದ ಮುಖ್ಯವಾದದ್ದನ್ನು ಕೇಳಿರಲಿಲ್ಲ. ಅಂಗಡಿಯಲ್ಲಿ ಅಜ್ಜ ಇದ್ದರು, ಇನ್ನಿಬ್ಬರಿದ್ದರು. ಅವಳು ಯಾರನ್ನೂ ಲೆಕ್ಕಿಸಲಿಲ್ಲ.

"ನನ್ನ ಕೈ ಸರಿಹೋಗಿ ಹತ್ತು ದಿನ ಆಯ್ತು. ಯಾಕೆ ಇನ್ನೂ ಬರ್ತೀರಿ ಅಂತ ನೀವು ಕೇಳ್ಲೇ ಇಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ಕೇಳಿದ್ರೆ ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿಕೆ ಆಯ್ತು" ಎಂದರು.

ಚಿಕ್ಕಮ್ಮ ಮೂವತ್ತೇಳು ಕಾದಂಬರಿಗಳಲ್ಲಿ ಇಂಥ ಗಳಿಗೆಗೆ ಪುಟಗಟ್ಟಲೆ ಬರೆದವಳು. ಅಲ್ಲಿ ಅವಳಿಗೆ ಹೊಳೆದದ್ದು ಇಷ್ಟೇ: "ಹಾಗಾದ್ರೆ ಹೇಳ್ರೀ ಅದನ್ನ! ಎಷ್ಟು ದಿನ ಕಾಯೋದು?" ಅಜ್ಜ ಎದ್ದು ಉಳಿದಿಬ್ಬರನ್ನೂ ಹೊರಗೆ ಕರೆದುಕೊಂಡು ಹೋದರಂತೆ.

ಆರು ತಿಂಗಳಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು. ಅಮ್ಮ ಮೊದಲು ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಅವರ ಮನೆಯ ಅಡುಗೆಕೋಣೆ ನೋಡಿಬಂದು, "ಆ ಸ್ಟೌ ಒಂದು ಬದಲಾಯಿಸಿ" ಎಂದಳು. ಅವರ ಮಗಳು ಬಂದು ಚಿಕ್ಕಮ್ಮನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ಎಲ್ಲರಂತೆ 'ಮೇಡಂ' ಎಂದೇ ಕರೆದಳು. ಕಾದಂಬರಿ ಮುಗಿಯಿತು. ನಾಲ್ಕು ವಾರ ನಾಯಕ ನಾಯಕಿ ಬರೀ ಮಾತಾಡುತ್ತಿದ್ದಾರೆಂದು ಸಂಪಾದಕರು ಗೋಳಾಡಿದರು. ಓದುಗರ ಪತ್ರಗಳು ಎಂದಿನಷ್ಟೇ ಬಂದವು. ಒಬ್ಬಾಕೆ ಮಾತ್ರ, ಈ ಹುಡುಗನ ಹಾಗೆ ಯಾರಾದರೂ ನನ್ನನ್ನು ಕೇಳಿದ್ದರೆ ಎಂದು ಒಂದೇ ಸಾಲು ಬರೆದಿದ್ದರು. ಆ ಪತ್ರವನ್ನು ಚಿಕ್ಕಮ್ಮ ನನಗೆ ತೋರಿಸಿದಳು.

ಮದುವೆಯಿಂದ ಅವಳ ಸಿಡಿಮಿಡಿ ಎಳ್ಳಷ್ಟೂ ತಗ್ಗಲಿಲ್ಲ. ಅವರು ಮುಂಜಾನೆ ಐದಕ್ಕೆ ರೇಡಿಯೊ ಹಾಕುತ್ತಾರೆ. ಓದಿದ ದಿನಪತ್ರಿಕೆಯನ್ನು ಅಂಗೈಯಗಲ ಮಡಚಿಡುತ್ತಾರೆ. ಹೋದ ತಿಂಗಳು ನಾನು ಕೆಲಸ ಮಾಡುವ ಕಣ್ಣಾಸ್ಪತ್ರೆಗೆ ಇಬ್ಬರೂ ಬಂದಿದ್ದರು. ಅವರ ಕಣ್ಣಿಗೆ ಹನಿ ಹಾಕಿ ಪರೀಕ್ಷೆ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಅವರಿಗೆಂದು ಇಪ್ಪತ್ತು ಕನ್ನಡಕದ ಫ್ರೇಮು ತೆಗೆಸಿ, ಇಪ್ಪತ್ತನ್ನೂ ಬೇಡವೆಂದಿದ್ದಳು. ಅವರು ಮೊದಲನೆಯದನ್ನೇ ಹಿಡಿದುಕೊಂಡು, "ನಿಮಗೆ ಯಾವುದು ಇಷ್ಟ, ಹೇಳಿ" ಎಂದರು.

"ಈ ಮನುಷ್ಯನ ಜೊತೆ ಗುದ್ದಾಡಿ ಸಾಕಾಯ್ತು ಕಣೇ. ಅದನ್ನೇ ಕೊಡು" ಎಂದಳು ನನಗೆ.

ಹನಿಯಿಂದಾಗಿ ಅವರಿಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಚಿಕ್ಕಮ್ಮ ಅವರ ತೋಳು ಹಿಡಿದು, ಎಡಕ್ಕೆ, ಸ್ವಲ್ಪ ಎಡಕ್ಕೆ, ಎಷ್ಟು ಹೇಳಬೇಕು ನಿಮಗೆ ಎಂದು ಬೈಯುತ್ತ, ರಸ್ತೆ ದಾಟಿಸಿಕೊಂಡು ಹೋದಳು.